ಹೊಸ್ತಿಲಲ್ಲಿ ನಿಂತವರ ಹಾಡು

ಬಾಲ್ಯವು ಯೌವನಕ್ಕೆ ಹೊರಳುವ ಹೊತ್ತು ಬಹುಮಟ್ಟಿಗೆ ಯಾವ ಸಮಾಜದಲ್ಲಿಯೂ ಮೌನವಾಗಿ ಕಳೆದುದಿಲ್ಲ. ಮೈನೆರೆದ ಹೆಣ್ಣುಮಗಳನ್ನು ಹಸೆಯ ಮೇಲೆ ಕುಳ್ಳಿರಿಸಿ, ಅರಿಸಿನ ಕುಂಕುಮವಿಟ್ಟು, ಆರತಿಯೆತ್ತಿ ಹಾಡುವ ಒಸಗೆಯ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದುದು ವಾಚಕರಿಗೆ ತಿಳಿದೇ ಇದೆ. ಆ ಹಾಡನ್ನು ಹಾಡುತ್ತಿದ್ದವರು ಅವಳಿಗಿಂತ ಮೊದಲೇ ಆ ಹೊಸ್ತಿಲನ್ನು ದಾಟಿದ್ದ ಹಿರಿಯ ಹೆಂಗಸರು. ಹುಡುಗಿಯ ಪಾಲಿಗಿದ್ದುದು ತಲೆತಗ್ಗಿಸಿ ಕೇಳುವ ಕೆಲಸ ಮಾತ್ರ. ಆ ಹಾಡಿನಲ್ಲಿ ಕಟ್ಟೂ ಇತ್ತು, ಆಸರೆಯೂ ಇತ್ತು. ಅವಳ ಇಷ್ಟವೇನೆಂದು ಅದು ಕೇಳುತ್ತಿರಲಿಲ್ಲ. ಆದರೆ ಅವಳನ್ನು ಒಂಟಿಯಾಗಿ ಬಿಡುತ್ತಲೂ ಇರಲಿಲ್ಲ. ಮೈಯಲ್ಲಿ ಆಗುತ್ತಿರುವ ಬದಲಾವಣೆ ತನ್ನೊಬ್ಬಳಿಗೇ ಬಂದ ವಿಪತ್ತಲ್ಲ, ಎಲ್ಲರೂ ನಡೆದುಬಂದ ದಾರಿ ಎಂಬ ಅರಿವನ್ನು ಅದು ಮಾತಿಲ್ಲದೆಯೇ ಅವಳಿಗೆ ಕೊಡುತ್ತಿತ್ತು.

ಊರು ನಗರವಾಗಿ, ಒಟ್ಟು ಕುಟುಂಬ ಒಡೆದು, ಹಾಡುವ ಹೆಂಗಸರ ಗುಂಪು ಚದುರಿದ ಮೇಲೆ ಆ ಹೊಸ್ತಿಲಲ್ಲಿ ನಿಂತ ಮಗುವಿಗಾಗಿ ಹಾಡುವವರು ಯಾರು? ಆಧುನಿಕ ಪ್ರಪಂಚ ಈ ಪ್ರಶ್ನೆಗೆ ಕೊಟ್ಟಿರುವ ಉತ್ತರ ನೇರವಾದುದು: ಹಾಡನ್ನು ಪೇಟೆ ಒದಗಿಸುತ್ತದೆ. ಪಾಪ್ ಹಾಡೆಂದು ನಾವು ಕರೆಯುವುದು ಬಹುಮಟ್ಟಿಗೆ ಹದಿಮೂರರಿಂದ ಹತ್ತೊಂಬತ್ತರ ವಯಸ್ಸಿನವರನ್ನು ಗುರಿಯಾಗಿಟ್ಟು ತಯಾರಾದ, ತೂಗಿ ಅಳೆದು ಮಾರುವ ಹಾಡು. ಇಂಥ ಹಾಡಿನ ಬಗ್ಗೆ ಹಿರಿಯರಿಗೆ ಅಸಹನೆ ಇರುವುದು ಸಹಜ. ಅದು ಗದ್ದಲ, ಅದು ಪೊಳ್ಳು, ಅದು ಮಕ್ಕಳನ್ನು ಮನೆಯಿಂದ ದೂರ ಮಾಡುತ್ತದೆ ಎಂಬ ಆಕ್ಷೇಪ ಎಲ್ಲ ದೇಶಗಳಲ್ಲಿಯೂ ಕೇಳಿಬರುವಂಥದು.

ಈಚಿನ ವರ್ಷಗಳಲ್ಲಿ ಈ ಆಕ್ಷೇಪವನ್ನು ಮರುವಿಚಾರಣೆಗೆ ತೆಗೆದುಕೊಂಡಿರುವುದು, ಆಶ್ಚರ್ಯವೆನಿಸಿದರೂ, ಮಕ್ಕಳಿಗೆಂದು ತಯಾರಾದ ಆ್ಯನಿಮೇಷನ್ ಚಿತ್ರಗಳು. 2025ರ ಜೂನ್ ತಿಂಗಳಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಹೊರಬಂದ ‘ಕೆ-ಪಾಪ್ ಡೀಮನ್ ಹಂಟರ್ಸ್’ ಎಂಬ ಚಿತ್ರದ ‘ಗೋಲ್ಡನ್’ ಎಂಬ ಹಾಡು ಅದೇ ಆಗಸ್ಟ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಗೆರೆ ಬಣ್ಣಗಳಲ್ಲಿ ಮಾತ್ರ ಬದುಕಿರುವ ಗಾಯಕಿಯರ ಹಾಡನ್ನು ಲೋಕದ ಮಕ್ಕಳು ನಿಜವಾದ ಗಾಯಕಿಯರ ಹಾಡಿನಂತೆಯೇ ಬಾಯಿಪಾಠ ಮಾಡಿದರು. ಈ ಯಶಸ್ಸನ್ನು ವ್ಯಾಪಾರದ ವಾರ್ತೆಯೆಂದು ಓದಿ ಮರೆತುಬಿಡಬಹುದು. ಆದರೆ ಬೆಳೆಯುವ ಮಗುವಿಗೂ ಪೇಟೆಯ ಹಾಡಿಗೂ ಇರುವ ಸಂಬಂಧವೇನೆಂಬುದನ್ನು ಅರಿಯಬೇಕೆಂದಿರುವವರು ಅದಕ್ಕಿಂತ ಮೂರು ವರ್ಷ ಹಿಂದೆ, 2022ರ ಮಾರ್ಚ್‌ನಲ್ಲಿ, ಪಿಕ್ಸಾರ್ ಸಂಸ್ಥೆ ಹೊರತಂದ ‘ಟರ್ನಿಂಗ್ ರೆಡ್’ ಎಂಬ ಚಿತ್ರವನ್ನು ನೋಡಬೇಕು. ಈ ವಿಷಯವನ್ನು ಅದರಷ್ಟು ಪ್ರಾಮಾಣಿಕವಾಗಿ ಕೈಗೆತ್ತಿಕೊಂಡ ಆ್ಯನಿಮೇಷನ್ ಚಿತ್ರಗಳು ವಿರಳ.

ಆ ಚಿತ್ರದ ವಿಶೇಷ ತಿಳಿಯಬೇಕಾದರೆ, ಇಂಥ ಚಿತ್ರಗಳಲ್ಲಿ ಹಾಡು ಮೊದಲು ಹೇಗೆ ನೆಲೆಗೊಂಡಿತ್ತೆಂಬುದನ್ನು ಸ್ವಲ್ಪ ನೆನೆಯಬೇಕು. 1937ರ ‘ಸ್ನೋ ವೈಟ್’ ಚಿತ್ರದಲ್ಲಿ ರಾಜಕುಮಾರಿ ಬಾವಿಯ ದಂಡೆಯಲ್ಲಿ ನಿಂತು ಹಾಡುತ್ತಾಳೆ. ಬಾವಿ ಆ ದನಿಯನ್ನು ಮರುದನಿಸುತ್ತದೆ. 1989ರ ‘ದಿ ಲಿಟಲ್ ಮರ್ಮೇಡ್’ ಚಿತ್ರದಲ್ಲಿ ಮತ್ಸ್ಯಕನ್ಯೆ ತನ್ನ ಗುಹೆಯೊಳಗೆ, ತಾನು ಕೂಡಿಟ್ಟ ಮನುಷ್ಯಲೋಕದ ವಸ್ತುಗಳ ನಡುವೆ, ಮೇಲಿನ ನೆಲಕ್ಕಾಗಿ ಹಂಬಲಿಸಿ ಹಾಡುತ್ತಾಳೆ. ಎರಡೂ ಕಡೆ ಹಾಡು ಹುಟ್ಟುವುದು ನಾಯಿಕೆಯ ಅಂತರಂಗದಿಂದ. ಅವಳಿಗೆ ತನ್ನ ಬಯಕೆ ಏನೆಂದು ಗೊತ್ತು. ಅದಕ್ಕೆ ತಕ್ಕ ಮಾತೂ ರಾಗವೂ ಸಿದ್ಧವಾಗಿಯೇ ಅವಳ ಕೊರಳಿಗೆ ಬರುತ್ತವೆ. ನಮ್ಮ ನಾಟಕ ಕಂಪನಿಗಳ ರಂಗಗೀತೆಗಳ ಸಂಪ್ರದಾಯಕ್ಕೆ ಒಗ್ಗಿದವರಿಗೆ ಈ ರೀತಿ ಅಪರಿಚಿತವಲ್ಲ. ಪಾತ್ರದ ಭಾವ ಮಾತಿನ ದಡವನ್ನು ಮೀರಿ ತುಂಬಿದಾಗ ಅದು ಹಾಡಾಗಿ ಹರಿಯುತ್ತದೆ.

ಆದರೆ ನಿಜವಾದ ಹದಿಮೂರರ ಹುಡುಗಿಗೆ ಇಂಥ ಸಂಪತ್ತು ಎಲ್ಲಿಯದು? ತನಗೇನು ಬೇಕೆಂಬುದು ಅವಳಿಗೇ ತಿಳಿಯದು. ತಿಳಿದರೂ ಹೇಳುವ ಭಾಷೆಯಿಲ್ಲ. ಶಾಲೆಯ ಭಾಷೆ ಪರೀಕ್ಷೆಗಾಗಿ, ಮನೆಯ ಭಾಷೆ ವಿಧೇಯತೆಗಾಗಿ. ಈ ಎರಡರ ನಡುವೆ ಉಳಿದ ಭಾವ ಎಲ್ಲಿಗೆ ಹೋಗಬೇಕು? ‘ಟರ್ನಿಂಗ್ ರೆಡ್’ ಇದನ್ನು ಸರಿಯಾಗಿ ಗುರುತಿಸಿದೆ. ಇಲ್ಲಿ ನಾಯಿಕೆ ತನ್ನ ಹಾಡನ್ನು ತಾನೇ ಕಟ್ಟುವುದಿಲ್ಲ. ಹಾಡು ಹೊರಗಿನಿಂದ ಬರುತ್ತದೆ. ಧ್ವನಿಮುದ್ರಿಕೆಯಲ್ಲಿ, ಗೋಡೆಯ ಚಿತ್ರದಲ್ಲಿ, ಟೆಲಿವಿಷನ್ನಿನಲ್ಲಿ ಬರುತ್ತದೆ. ಅದು ಯಾರೋ ಬರೆದದ್ದು, ಯಾರೋ ಹಾಡಿದ್ದು, ಹಣ ಕೊಟ್ಟು ಕೊಂಡದ್ದು. ಒಂದು ಮಾತಿನಲ್ಲಿ ಹೇಳುವುದಾದರೆ, ಅದು ಕಡ ತಂದ ಭಾಷೆ.

ಚಿತ್ರದ ಕಥೆ ನಡೆಯುವುದು 2002ರ ವಸಂತದಲ್ಲಿ, ಕೆನಡಾ ದೇಶದ ಟೊರಾಂಟೊ ನಗರದಲ್ಲಿ. ನಿರ್ದೇಶಕಿ ಡೊಮೀ ಶಿ ಚೀನಾದಲ್ಲಿ ಹುಟ್ಟಿ ಆ ನಗರದಲ್ಲಿ ಬೆಳೆದವರು. 2018ರ ‘ಬಾವೊ’ ಎಂಬ ಕಿರುಚಿತ್ರಕ್ಕೆ ಆಸ್ಕರ್ ಪಡೆದವರು. ಪಿಕ್ಸಾರ್‌ನ ಪೂರ್ಣಪ್ರಮಾಣದ ಚಿತ್ರವೊಂದನ್ನು ಒಬ್ಬಳೇ ನಿರ್ದೇಶಿಸಿದ ಮೊದಲ ಮಹಿಳೆ. ನಾಯಿಕೆ ಮೇಯ್ ಲೀಗೆ ಹದಿಮೂರು ವರ್ಷ. ತಂದೆ ತಾಯಿ ಪೂರ್ವಜರ ದೇವಾಲಯವೊಂದನ್ನು ನೋಡಿಕೊಳ್ಳುತ್ತಾರೆ. ಹುಡುಗಿ ತರಗತಿಯಲ್ಲಿ ಮುಂದು, ಮನೆಯಲ್ಲಿ ತಾಯಿಯ ಕಣ್ಮಣಿ. ಆದರೆ ಅವಳಿಗೆ ಮೂವರು ಗೆಳತಿಯರಿದ್ದಾರೆ—ಮಿರಿಯಮ್, ಪ್ರಿಯಾ, ಆ್ಯಬಿ. ನಾಲ್ವರಿಗೂ ಪ್ರಾಣಕ್ಕಿಂತ ಪ್ರಿಯವಾದ ಒಂದು ಗಾಯಕರ ತಂಡವಿದೆ. ತಂಡದ ಹೆಸರು ‘ಫೋರ್ ಟೌನ್’. ಹೆಸರಿನಲ್ಲಿ ನಾಲ್ಕು, ಹಾಡುವವರು ಐವರು. ಈ ಅಸಂಗತವನ್ನು ಕಂಡು ತಾಯಿ ಮೂಗು ಮುರಿಯುತ್ತಾಳೆ. ಮಗಳಿಗೆ ಅದು ಅಸಂಗತವೆಂದೇ ತೋರುವುದಿಲ್ಲ. ಒಂದೇ ವಸ್ತುವನ್ನು ಇಬ್ಬರು ನೋಡುವ ಬಗೆ ಎಷ್ಟು ಬೇರೆಯಾಗಿರಬಲ್ಲದೆಂಬುದಕ್ಕೆ ಈ ಸಣ್ಣ ವಿನೋದವೇ ಸಾಕು.

2002 ಎಂಬ ಕಾಲವನ್ನು ಆರಿಸಿಕೊಂಡುದರಲ್ಲಿ ಅರ್ಥವಿದೆ. ಐದಾರು ಮಂದಿ ಚೆಲುವ ತರುಣರು ಒಟ್ಟಾಗಿ ಕುಣಿದು ಹಾಡುವ ‘ಬಾಯ್ ಬ್ಯಾಂಡ್’ ಎಂಬ ಪ್ರಕಾರಕ್ಕೆ ಅದು ಭರತದ ಕಾಲ. ಎನ್‌ಸಿಂಕ್ ಎಂಬ ತಂಡದ ಧ್ವನಿಮುದ್ರಿಕೆಯೊಂದು 2000ದಲ್ಲಿ ಅಮೆರಿಕದೊಳಗೆ ಮೊದಲ ವಾರದಲ್ಲಿಯೇ 24 ಲಕ್ಷ ಪ್ರತಿಗಳು ಮಾರಾಟವಾದುವು. ಹಾಡನ್ನು ಮುಟ್ಟಿ ನೋಡಬಹುದಾಗಿದ್ದ, ಕೈಯಿಂದ ಕೈಗೆ ದಾಟಿಸಬಹುದಾಗಿದ್ದ ಕಾಲವದು. ಇಂದು ಹಾಡು ಕಿವಿಯೊಳಗಿನ ಗುಂಡಿಯಿಂದ ಒಬ್ಬೊಬ್ಬರಿಗೇ ಕೇಳಿಸುತ್ತದೆ. ಅಂದು ನಾಲ್ವರು ಒಂದೇ ಕೋಣೆಯಲ್ಲಿ ಕುಳಿತು ಕೇಳಬೇಕಾಗಿತ್ತು. ಈ ವ್ಯತ್ಯಾಸ ಚಿತ್ರದ ಜೀವಾಳಕ್ಕೆ ಸೇರಿದ್ದೆಂಬುದು ಮುಂದೆ ತಿಳಿಯುತ್ತದೆ.

ಆ ಕಲ್ಪಿತ ತಂಡಕ್ಕೆ ಹಾಡುಗಳನ್ನು ಬರೆದವರು ಬಿಲ್ಲಿ ಐಲಿಶ್ ಮತ್ತು ಅವಳ ಅಣ್ಣ ಫಿನಿಯಸ್ ಓಕಾನೆಲ್. ಚಿತ್ರದ ಹಿನ್ನೆಲೆ ಸಂಗೀತ ಲುಡ್ವಿಗ್ ಯೊರಾನ್ಸನ್ ಅವರದು. ಈ ಅಣ್ಣತಂಗಿಯರ ಸ್ವಂತ ಹಾಡುಗಳು ಬಹುಮಟ್ಟಿಗೆ ಪಿಸುದನಿಯವು, ವಿಷಾದದ ಛಾಯೆಯುಳ್ಳವು. ಇಲ್ಲಿ ಅವರು ತಮ್ಮ ರೀತಿಯನ್ನು ಬದಿಗಿಟ್ಟು ಇಪ್ಪತ್ತು ವರ್ಷ ಹಿಂದಿನ ಶೈಲಿಯಲ್ಲಿ ಮೂರು ಹಾಡುಗಳನ್ನು ಕಟ್ಟಿದ್ದಾರೆ. ಅಣಕಕ್ಕೆ ಇಳಿಯುವುದು ಸುಲಭವಾಗಿತ್ತು. ಅವರು ಇಳಿಯಲಿಲ್ಲ. ಆ ಕಾಲದ ಹುಡುಗಿಯೊಬ್ಬಳು ನಿಜವಾಗಿಯೂ ಮರುಳಾಗಬಹುದಾದ ಹಾಡುಗಳನ್ನೇ ಬರೆದರು. ಅವುಗಳಲ್ಲಿ ‘ನೋಬಡಿ ಲೈಕ್ ಯೂ’ ಎಂಬುದು ಚಿತ್ರದಿಂದ ಹೊರಬಿದ್ದು ಬಿಲ್‌ಬೋರ್ಡ್ ಪಟ್ಟಿಯನ್ನೂ ಸೇರಿತು.

ಈ ಹಾಡುಗಳ ಸಾಹಿತ್ಯವನ್ನು ಕಾವ್ಯದ ಒರೆಗಲ್ಲಿಗೆ ತಿಕ್ಕಿದರೆ ಹೆಚ್ಚೇನೂ ಉಳಿಯದು. ನಿನ್ನಂಥವರು ಬೇರಾರೂ ಇಲ್ಲ ಎಂಬುದಷ್ಟೇ ಅದರ ಸಾರ. ವಿಶೇಷಣಗಳು ಸವೆದವು, ಪ್ರತಿಮೆಗಳು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಸಾಹಿತ್ಯದ ವಿದ್ಯಾರ್ಥಿ ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಪಾಪ್ ಹಾಡಿನ ‘ನೀನು’ ಎಂಬ ಸರ್ವನಾಮಕ್ಕೆ ಊರಿಲ್ಲ, ಹೆಸರಿಲ್ಲ, ಮುಖವಿಲ್ಲ. ಕವಿತೆಯಲ್ಲಿ ಇದು ದೋಷವಾದೀತು. ಇಂಥ ಹಾಡಿಗೆ ಅದೇ ಸಾಮರ್ಥ್ಯ. ಬರಿದಾದ ಪಾತ್ರೆಯಲ್ಲಿ ಯಾರು ಬೇಕಾದರೂ ತಮ್ಮ ನೀರನ್ನು ತುಂಬಿಕೊಳ್ಳಬಹುದು. ಹಾಡನ್ನು ಹಾಡುವವರು ತರುಣರು. ಉದ್ದೇಶಿಸಿರುವುದು ಯಾವಳೋ ಪ್ರೇಯಸಿಯನ್ನು. ಚಿತ್ರದೊಳಗೆ ಆ ಹಾಡು ಏನಾಗುತ್ತದೆಂಬುದನ್ನು ನೋಡಿದರೆ ಪಾತ್ರೆಯ ಉಪಯೋಗ ತಿಳಿಯುತ್ತದೆ.

ಮೇಯ್ ತನ್ನ ಟಿಪ್ಪಣಿ ಪುಸ್ತಕದಲ್ಲಿ, ಮಂಚದಡಿ ಅಡಗಿ, ಅಂಗಡಿಯ ಹುಡುಗನೊಬ್ಬನ ಚಿತ್ರಗಳನ್ನು ಬರೆಯುತ್ತಾಳೆ. ಅವಳಿಗೇ ಅರ್ಥವಾಗದ ಭಾವ ಮೊದಲು ಹೊರಬರುವುದು ಹೀಗೆ. ತಾಯಿ ಅದನ್ನು ಕಂಡು, ತಪ್ಪಾಗಿ ತಿಳಿದು, ಮಗಳನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ, ಅಂಗಡಿಯಲ್ಲಿ ಎಲ್ಲರೆದುರು ಆ ಹುಡುಗನನ್ನು ಗದರಿಸುತ್ತಾಳೆ. ಮರುದಿನ ಬೆಳಿಗ್ಗೆ ಹುಡುಗಿ ಎದ್ದಾಗ ಅವಳು ದೈತ್ಯಾಕಾರದ ಕೆಂಪು ಪಾಂಡಾ ಆಗಿದ್ದಾಳೆ. ಆ ವಂಶದ ಹೆಣ್ಣುಮಕ್ಕಳಿಗೆ ಪ್ರಾಯ ಬಂದಾಗ ಹೀಗಾಗುವುದುಂಟು. ಕೋಪವಾಗಲಿ ಸಂತೋಷವಾಗಲಿ ಉಕ್ಕಿದೊಡನೆ ಮೃಗ ಹೊರಬರುತ್ತದೆ. ಮನಸ್ಸು ತಣ್ಣಗಾದರೆ ಒಳಸೇರುತ್ತದೆ. ತಾಯಿ ನಿಜ ತಿಳಿಯದೆ, ಮಗಳು ಋತುಮತಿಯಾದಳೆಂದು ಭಾವಿಸುತ್ತಾಳೆ. ಶಾಲೆಯ ಕಿಟಕಿಯ ಬಳಿಗೇ ಬಂದು, ತರಗತಿಯೆಲ್ಲ ನೋಡುತ್ತಿರುವಂತೆ, ಅದಕ್ಕೆ ಬೇಕಾದ ಸಾಮಗ್ರಿಯನ್ನು ಎತ್ತಿ ತೋರಿಸುತ್ತಾಳೆ. ನಗು ಬರಿಸುವ ದೃಶ್ಯ ಇದು. ನಕ್ಕ ಮೇಲೆ ಒಂದು ಮಾತು ಉಳಿಯುತ್ತದೆ. ಆ ತಾಯಿಯ ಕೈಯಲ್ಲಿ ಔಷಧವಿದೆ, ಎಚ್ಚರಿಕೆಯಿದೆ, ಅಪಾರ ಪ್ರೀತಿಯೂ ಇದೆ. ಇಲ್ಲದಿರುವುದು ಹಾಡು ಮಾತ್ರ. ಮಗಳನ್ನು ನಡುವೆ ಕುಳ್ಳಿರಿಸಿಕೊಂಡು, ಇದು ನಮಗೆಲ್ಲ ಆದದ್ದೇ ಎಂದು ಹಾಡುವ ಹೆಂಗಸರ ವೃತ್ತ ಆ ಮನೆಯಲ್ಲಿಲ್ಲ.

ವೃತ್ತವನ್ನು ಕಟ್ಟುವವರು ಗೆಳತಿಯರು. ಮೃಗರೂಪಿಯಾಗಿ ಕೋಣೆಯಲ್ಲಿ ಅಡಗಿರುವ ಮೇಯ್‌ಳನ್ನು ನೋಡಲು ಅವರು ಕಿಟಕಿಯಿಂದ ಬರುತ್ತಾರೆ. ಮೊದಲು ಬೆದರುತ್ತಾರೆ, ಅನಂತರ ಅವಳನ್ನು ತಬ್ಬಿಕೊಂಡು ಆ ಪೇಟೆಯ ಹಾಡನ್ನೇ ಮೆಲ್ಲನೆ ಹಾಡುತ್ತಾರೆ. ಮೃಗ ಕರಗಿ ಹುಡುಗಿ ಉಳಿಯುತ್ತಾಳೆ. ತರುಣರು ಪ್ರೇಯಸಿಗೆ ಹಾಡಿದ್ದ ‘ನೀನು’ ಈಗ ಗೆಳತಿಗೆ ಸಲ್ಲುತ್ತದೆ. ನಿನ್ನಂಥವರು ಬೇರಾರೂ ಇಲ್ಲ ಎಂಬ ಸವೆದ ಮಾತು, ಮೈತುಂಬ ರೋಮ ಬೆಳೆದು ತನ್ನನ್ನು ತಾನೇ ಅಸಹ್ಯಪಟ್ಟುಕೊಳ್ಳುತ್ತಿರುವ ಹುಡುಗಿಯ ಕಿವಿಯಲ್ಲಿ ಬಿದ್ದಾಗ ಸವೆದ ಮಾತಾಗಿ ಉಳಿಯುವುದಿಲ್ಲ. ನಮ್ಮ ಆಲಂಕಾರಿಕರು ಶಬ್ದಕ್ಕಿಂತ ಧ್ವನಿಯನ್ನು ಮೇಲೆಂದು ಎಣಿಸಿದರು; ಹೇಳುವವರಾರು, ಕೇಳುವವರಾರು, ಸನ್ನಿವೇಶವೇನು ಎಂಬುದರಿಂದ ಒಂದೇ ವಾಕ್ಯ ಬೇರೆ ಬೇರೆ ಅರ್ಥವನ್ನು ಹೊಮ್ಮಿಸುತ್ತದೆ ಎಂದರು. ಆ ಸೂತ್ರಕ್ಕೆ ಇದಕ್ಕಿಂತ ಸರಳವಾದ ಉದಾಹರಣೆಯನ್ನು ತರಗತಿಯಲ್ಲಿ ಕೊಡುವುದು ಕಷ್ಟ. ಹಾಡಿನ ಬೆಲೆಯನ್ನು ಅದರ ಪಠ್ಯದಲ್ಲಿ ಮಾತ್ರ ಹುಡುಕುವವರು ಅದರ ಅರ್ಧವನ್ನು ಕಳೆದುಕೊಳ್ಳುತ್ತಾರೆ.

ಚಿತ್ರದಲ್ಲಿ ಇನ್ನೊಂದು ಹಾಡಿದೆ. ಅದು ದೇವಾಲಯದ್ದು. ಕೆಂಪು ಚಂದ್ರನ ರಾತ್ರಿ ವೃತ್ತವೊಂದನ್ನು ಬರೆದು, ಅದರ ನಡುವೆ ಹುಡುಗಿಯನ್ನು ನಿಲ್ಲಿಸಿ, ಹಿರಿಯರು ಕ್ಯಾಂಟನೀಸ್ ಭಾಷೆಯಲ್ಲಿ ಮಂತ್ರದಂಥ ಗೀತವನ್ನು ಹಾಡಬೇಕು. ಆಗ ಒಳಗಿನ ಮೃಗ ಬೇರೆಯಾಗಿ ಒಡವೆಯೊಂದರಲ್ಲಿ ಬಂಧಿತವಾಗುತ್ತದೆ. ಅಜ್ಜಿ, ತಾಯಿ, ಚಿಕ್ಕಮ್ಮಂದಿರು ಎಲ್ಲರೂ ಹೀಗೆ ತಮ್ಮ ಮೃಗವನ್ನು ಬಂಧಿಸಿ ಕೊರಳಲ್ಲೋ ಕೈಯಲ್ಲೋ ಧರಿಸಿದವರು. ಈ ಹಾಡು ನಿಜವಾಗಿಯೂ ಹಿರಿಯ ಹೆಂಗಸರ ಹಾಡು. ಅದಕ್ಕೆ ಪರಂಪರೆಯ ಗಾಂಭೀರ್ಯವಿದೆ. ಆದರೆ ಅದರ ಕೆಲಸ ಕಟ್ಟಿಹಾಕುವುದು. ಒಂದು ಕಡೆ ಅರ್ಥಗೌರವವುಳ್ಳ, ಆದರೆ ಹುಡುಗಿಯ ಒಂದು ಭಾಗವನ್ನು ಕೊಯ್ದು ತೆಗೆಯುವ ಹಾಡು. ಇನ್ನೊಂದು ಕಡೆ ಹಗುರವಾದ, ಆದರೆ ಅವಳನ್ನು ಇಡಿಯಾಗಿ ಒಪ್ಪಿಕೊಳ್ಳುವ ಹಾಡು. ಕೆಂಪು ಚಂದ್ರನ ರಾತ್ರಿಯೂ ಫೋರ್ ಟೌನ್ ತಂಡದ ಕಛೇರಿಯ ರಾತ್ರಿಯೂ ಒಂದೇ ಆಗಿರುವುದರಿಂದ ಹುಡುಗಿ ಎರಡರಲ್ಲೊಂದನ್ನು ಆರಿಸಿಕೊಳ್ಳಲೇಬೇಕು.

ಕೈಮೆಟ್ಟಿಗೆ ಬಂದವರ ಕೈಯಲ್ಲಾದರೆ ಕಥೆ ಇಲ್ಲಿ ಸುಲಭದ ದಾರಿ ಹಿಡಿಯುತ್ತಿತ್ತು. ಹಳೆಯದು ಸೋತು ಹೊಸದು ಗೆದ್ದಿತೆಂದೋ, ದಾರಿತಪ್ಪಿದ ಮಗಳು ಮನೆಗೆ ಮರಳಿದಳೆಂದೋ ಮುಗಿಯುತ್ತಿತ್ತು. ಈ ಚಿತ್ರ ಬೇರೊಂದನ್ನು ಕಂಡಿದೆ. ವಿಧಿಯನ್ನು ನಡೆಸುವ ವೃದ್ಧ ಒಂದು ಮಾತನ್ನು ಮೊದಲೇ ಹೇಳಿರುತ್ತಾನೆ: ಯಾವ ಹಾಡೆಂಬುದು ಮುಖ್ಯವಲ್ಲ, ಅದು ಹೃದಯದಿಂದ ಬಂದಿರಬೇಕು. ಹಾಸ್ಯದಂತೆ ತೇಲಿಹೋಗುವ ಈ ಮಾತೇ ಕಡೆಗೆ ಕಥೆಯ ಕೀಲಾಗುತ್ತದೆ. ಮಗಳು ವಿಧಿಯನ್ನು ಅರ್ಧಕ್ಕೆ ಬಿಟ್ಟು ಕಛೇರಿಗೆ ಓಡುತ್ತಾಳೆ. ತಾಯಿಯ ಬಂಧಿತ ಮೃಗ ಒಡವೆಯನ್ನು ಒಡೆದು ಹೊರಬಂದು, ಸಾವಿರಾರು ಜನ ಸೇರಿದ ಸ್ಕೈಡೋಮ್ ಕ್ರೀಡಾಂಗಣವನ್ನೇ ಸೀಳಿಕೊಂಡು ಒಳನುಗ್ಗುತ್ತದೆ. ವರ್ಷಗಟ್ಟಲೆ ಅದುಮಿಟ್ಟುದರಿಂದ ತಾಯಿಯ ಮೃಗ ಮಗಳ ಮೃಗಕ್ಕಿಂತ ಎಷ್ಟೋ ಪಾಲು ದೊಡ್ಡದು. ಅದನ್ನು ಶಮನಗೊಳಿಸಲು ಅಲ್ಲಿಯೇ, ಆ ಮುರಿದ ರಂಗದ ಮೇಲೆಯೇ, ವೃತ್ತ ಬರೆಯಬೇಕಾಗುತ್ತದೆ. ಹಿರಿಯರು ಮಂತ್ರಗೀತವನ್ನು ಹಾಡತೊಡಗುತ್ತಾರೆ. ದನಿ ಸಾಲದು. ಆಗ ಮೂವರು ಗೆಳತಿಯರು ತಮಗೆ ಗೊತ್ತಿರುವ ಒಂದೇ ಹಾಡನ್ನು ಸೇರಿಸುತ್ತಾರೆ. ಅನಂತರ ತಂಡದ ತರುಣರೂ ಕೂಡಿಕೊಳ್ಳುತ್ತಾರೆ. ದೇವಾಲಯದ ಗೀತವೂ ಪೇಟೆಯ ಹಾಡೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ವಿಧಿ ಪೂರ್ಣವಾಗುತ್ತದೆ.

ಇಲ್ಲಿ ನಾವು ನಿಂತು ಯೋಚಿಸಬೇಕು. ಹಳೆಯ ಹಾಡಿಗೆ ಬೇಕಾದ ಬಲವನ್ನು ಕೊಟ್ಟದ್ದು ಹಿರಿಯರು ಪೊಳ್ಳೆಂದು ಜರೆದ ಹಾಡು. ಆ ಹಾಡಿಗೆ ಗುರಿಯನ್ನೂ ಗಾಂಭೀರ್ಯವನ್ನೂ ಕೊಟ್ಟದ್ದು ಹಳೆಯ ವಿಧಿ. ತಾಯಿಯ ಬಿಡುಗಡೆಗೆ ಮಗಳ ಹಾಡು ಬೇಕಾಯಿತು. ಆ ಸಂಗೀತದ ಬಲದಿಂದ ತೆರೆದ ಬಿದಿರುಮೆಳೆಯ ಲೋಕದಲ್ಲಿ ಮೇಯ್ ತನ್ನ ತಾಯಿಯನ್ನು ಅಳುತ್ತಿರುವ ಎಳೆಯ ಹುಡುಗಿಯಾಗಿ ಕಾಣುತ್ತಾಳೆ. ಕೈಹಿಡಿದು ನಡೆಸಿಕೊಂಡು ಬರುತ್ತಾಳೆ. ಹೊಸ್ತಿಲನ್ನು ದಾಟುವಾಗ ತಾಯಿಗೂ ಯಾರೂ ಹಾಡಿರಲಿಲ್ಲವೆಂಬುದು ಆಗ ನಮಗೆ ಹೊಳೆಯುತ್ತದೆ. ಅವಳಿಗೆ ಒದಗಿದ್ದು ಕಟ್ಟುವ ಹಾಡೊಂದೇ. ಹಾಡು ಸಿಗದೆ ಬೆಳೆದವಳು ಮಗಳ ಹಾಡನ್ನು ಗದ್ದಲವೆಂದು ಕೇಳಿದಳು. ಇದನ್ನು ತಾಯಿಯ ದೋಷವೆಂದು ಚಿತ್ರ ಎಣಿಸುವುದಿಲ್ಲ. ಪರಂಪರೆಯಿಂದ ಬಂದ ಒಂದು ಗಾಯವೆಂದು ಎಣಿಸುತ್ತದೆ. ಕಡೆಯಲ್ಲಿ ತಾಯಿ ತನ್ನ ಮೃಗವನ್ನು ಮತ್ತೆ ಬಂಧಿಸುತ್ತಾಳೆ, ಮಗಳು ಉಳಿಸಿಕೊಳ್ಳುತ್ತಾಳೆ. ಇಬ್ಬರ ಆಯ್ಕೆಗೂ ಮನ್ನಣೆಯಿದೆ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಹೇಳದೆ ಮುಂದುವರಿಯುವುದು ಸರಿಯಲ್ಲ. ಪೇಟೆಯ ಹಾಡನ್ನು ಹೀಗೆ ಎತ್ತಿಹಿಡಿಯುವ ಚಿತ್ರ ತಾನೇ ಪೇಟೆಯ ಸರಕಲ್ಲವೆ? ಡಿಸ್ನಿಯಂಥ ಮಹಾಸಂಸ್ಥೆ ಮಕ್ಕಳಿಗೆ ಹಾಡನ್ನೂ ಚಿತ್ರವನ್ನೂ ಮಾರುತ್ತಾ, ಹಾಡಿನಿಂದಲೇ ಬಿಡುಗಡೆ ಎಂದು ಬೋಧಿಸುವುದನ್ನು ನಂಬಬಹುದೆ? ಪ್ರಶ್ನೆ ನ್ಯಾಯವಾದುದು. ಚಿತ್ರ ಹಣದ ವಿಷಯವನ್ನು ಮುಚ್ಚಿಟ್ಟಿಲ್ಲವೆಂಬುದನ್ನು ಮೊದಲು ಹೇಳಬೇಕು. ಕಛೇರಿಯ ಟಿಕೇಟು ಒಂದಕ್ಕೆ 200 ಡಾಲರು, ನಾಲ್ವರಿಗೆ 800. ಅದನ್ನು ಕೂಡಿಸಲು ಹುಡುಗಿಯರು ಪಾಂಡಾ ರೂಪವನ್ನೇ ಬಂಡವಾಳ ಮಾಡಿಕೊಂಡು, ಶಾಲೆಯ ಮಕ್ಕಳಿಗೆ ಫೋಟೋ ತೆಗೆಸಿಕೊಟ್ಟು, ಬೊಂಬೆ ಅಂಗಿಗಳನ್ನು ಮಾರಿ ಹಣ ಮಾಡುತ್ತಾರೆ. ಹಾಡನ್ನು ಕೊಳ್ಳುವುದಕ್ಕಾಗಿ ಹುಡುಗಿ ತನ್ನ ಮೈಯನ್ನೇ ಪ್ರದರ್ಶನಕ್ಕಿಡುವ ಈ ಭಾಗ ನಗುವಿನ ಲೇಪದ ಕೆಳಗೆ ಸಾಕಷ್ಟು ಕಹಿಯಾದುದು. ಹಾಗಿದ್ದರೂ ಚಿತ್ರ ಇದನ್ನು ಇನ್ನಷ್ಟು ಆಳಕ್ಕೆ ಕೊಂಡೊಯ್ಯಬಹುದಾಗಿತ್ತು. ಆ ಐವರು ತರುಣರು ಕಡೆಯವರೆಗೂ ಸಜ್ಜನರಾಗಿಯೇ ಉಳಿಯುತ್ತಾರೆ. ಅವರ ಹಿಂದೆ ನಿಂತು ಲಾಭವೆಣಿಸುವವರ ಮುಖ ತೆರೆಯ ಮೇಲೆ ಬರುವುದೇ ಇಲ್ಲ.

ಆ ಮುಖವನ್ನು ತೋರಿಸಿದ್ದು ಮೊದಲು ಹೆಸರಿಸಿದ 2025ರ ಚಿತ್ರ. ಮ್ಯಾಗಿ ಕಾಂಗ್ ಮತ್ತು ಕ್ರಿಸ್ ಆ್ಯಪಲ್‌ಹ್ಯಾನ್ಸ್ ನಿರ್ದೇಶಿಸಿದ ‘ಕೆ-ಪಾಪ್ ಡೀಮನ್ ಹಂಟರ್ಸ್’ ಚಿತ್ರದಲ್ಲಿ ಮೂವರು ಗಾಯಕಿಯರು ತಮ್ಮ ಹಾಡಿನಿಂದ ಜಗತ್ತನ್ನು ದೈತ್ಯರಿಂದ ಕಾಯುವವರು. ಅವರೆದುರು ದೈತ್ಯರೇ ಚೆಲುವ ತರುಣರ ವೇಷ ತೊಟ್ಟು ಗಾಯಕರ ತಂಡವಾಗಿ ಬರುತ್ತಾರೆ. ತಮ್ಮ ಹಾಡಿಗೆ ಮರುಳಾದ ಅಭಿಮಾನಿಗಳ ಪ್ರಾಣವನ್ನು ಹೀರಲು ಹವಣಿಸುತ್ತಾರೆ. ಒಂದೇ ಪಾಪ್ ಸಂಗೀತ ಕಾಯುವುದೂ ಹೌದು, ಕಬಳಿಸುವುದೂ ಹೌದು. ವ್ಯತ್ಯಾಸ ಎಲ್ಲಿದೆಯೆಂಬುದನ್ನು ಚಿತ್ರ ನಾಯಿಕೆ ರೂಮಿಯ ಕಥೆಯಿಂದ ಸೂಚಿಸುತ್ತದೆ. ಅವಳು ಅರ್ಧ ದೈತ್ಯಕುಲದವಳು. ಮೈಮೇಲಿನ ಗುರುತುಗಳನ್ನು ಮರೆಮಾಡುವಂತೆ ಸಾಕಿದವಳಿಂದಲೇ ಕಲಿತವಳು. ಆ ಗುಟ್ಟನ್ನು ಹೊತ್ತಿರುವವರೆಗೆ ಅವಳ ದನಿ ಒಡೆಯುತ್ತದೆ. ಗುರುತುಗಳನ್ನು ಬಯಲುಮಾಡಿ, ಇದ್ದದ್ದನ್ನು ಇದ್ದಂತೆ ಹಾಡಿದಾಗ ಮಾತ್ರ ದನಿ ಮರಳುತ್ತದೆ. ಅಭಿಮಾನಿಯನ್ನು ಬಾಯಿ ಮುಚ್ಚಿ ಮೋಹದಲ್ಲಿ ನಿಲ್ಲಿಸುವ ಹಾಡು ಕಬಳಿಸುವ ಹಾಡು. ಕೇಳಿದವರನ್ನು ಹಾಡುವವರನ್ನಾಗಿ ಮಾಡುವುದು ಕಾಯುವ ಹಾಡು. ಎರಡು ಚಿತ್ರಗಳನ್ನೂ ಒಟ್ಟಿಗೆ ನೋಡಿದಾಗ ದೊರೆಯುವ ವಿವೇಕ ಇದೆಂದು ನನ್ನ ಎಣಿಕೆ.

ಕೇಳುವವಳು ಹಾಡುವವಳಾಗಿ, ಹಾಡುವವಳು ಕವಿಯಾಗುವ ಕ್ರಮವನ್ನು ಇವೆರಡಕ್ಕಿಂತ ಬಹು ಹಿಂದೆಯೇ ಒಂದು ಜಪಾನೀ ಚಿತ್ರ ತೋರಿಸಿತ್ತು. 1995ರಲ್ಲಿ ಸ್ಟುಡಿಯೋ ಜಿಬ್ಲಿ ಹೊರತಂದ, ಯೊಶಿಫುಮಿ ಕೊಂಡೊ ನಿರ್ದೇಶಿಸಿದ, ಹಯಾವೊ ಮಿಯಾಜಾಕಿ ಚಿತ್ರಕಥೆ ಬರೆದ ‘ವಿಸ್ಪರ್ ಆಫ್ ದಿ ಹಾರ್ಟ್’ ಆ ಚಿತ್ರ. ಟೋಕಿಯೋ ನಗರದ ಪಶ್ಚಿಮದ ಬಡಾವಣೆಯಲ್ಲಿರುವ ಶಿಜುಕು ಎಂಬ ಹದಿನಾಲ್ಕರ ಹುಡುಗಿ ಗೆಳತಿಯರಿಗಾಗಿ ಅಮೆರಿಕದ ಪಾಪ್ ಹಾಡೊಂದನ್ನು ಜಪಾನೀ ಭಾಷೆಗೆ ಇಳಿಸಲು ತೊಡಗುತ್ತಾಳೆ. ಜಾನ್ ಡೆನ್ವರ್ 1971ರಲ್ಲಿ ಹಾಡಿದ, ಹಳ್ಳಿಯ ದಾರಿಯನ್ನು ನೆನೆದು ಊರಿಗೆ ಮರಳಲು ಹಂಬಲಿಸುವ ಹಾಡು ಅದು. ಕಷ್ಟವೇನೆಂದರೆ, ಹುಡುಗಿಗೆ ಹಳ್ಳಿಯೇ ಗೊತ್ತಿಲ್ಲ. ಅವಳು ಕಂಡಿರುವುದು ಕಾಡು ಕಡಿದು ಕಟ್ಟಿದ ಬಡಾವಣೆ. ಮೊದಲು ಅವಳು ವಿನೋದಕ್ಕಾಗಿ ಅದನ್ನು ಕಾಂಕ್ರೀಟು ರಸ್ತೆಯ ಹಾಡಾಗಿ ಮಾರ್ಪಡಿಸುತ್ತಾಳೆ. ಅನಂತರ ಶ್ರಮಪಟ್ಟು ಇನ್ನೊಂದು ಅವತರಣಿಕೆಯನ್ನು ಬರೆಯುತ್ತಾಳೆ. ಅದರಲ್ಲಿ ಮೂಲದ ಮರಳುವ ಆಸೆ ಹೋಗಿ, ಮರಳಲಾಗದೆಂದು ತಿಳಿದೂ ಒಂಟಿಯಾಗಿ ಮುಂದೆ ನಡೆಯುವ ನಿಶ್ಚಯ ಬಂದಿದೆ. ಅನುವಾದ ಮಾಡಲು ಹೊರಟವಳು ತನ್ನ ಬಾಳಿನ ಮಾತನ್ನು ಕಂಡುಕೊಂಡಳು. ಚಿತ್ರದ ಕೊನೆಯ ವೇಳೆಗೆ ಅವಳು ಕಥೆ ಬರೆಯುವವಳಾಗಿರುತ್ತಾಳೆ.

ಕನ್ನಡ ಸಾಹಿತ್ಯ ಬಲ್ಲವರಿಗೆ ಇದು ಪರಿಚಿತವಾದ ಪಥವೆಂದು ಬೇರೆ ಹೇಳಬೇಕಾಗಿಲ್ಲ. 1926ರಲ್ಲಿ ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಪ್ರಕಟವಾದಾಗ ನಮ್ಮ ಹೊಸ ಕಾವ್ಯವೇ ಒಂದು ಬಗೆಯ ಹದಿಹರೆಯದಲ್ಲಿತ್ತು. ಪರಕೀಯ ಹಾಡನ್ನು ತನ್ನ ಕೊರಳಿಗೆ ಹೊಂದಿಸಿಕೊಳ್ಳುವ ಯತ್ನದಲ್ಲಿ ಅದು ಹೊಸ ಛಂದಸ್ಸನ್ನೂ ಹೊಸ ದನಿಯನ್ನೂ ಪಡೆಯಿತು. ಕಡ ತರುವುದು ಅವಮಾನವಲ್ಲ. ತಂದದ್ದನ್ನು ತನ್ನ ದುಡಿಮೆಯಿಂದ ತನ್ನದಾಗಿಸಿಕೊಳ್ಳುವುದರಲ್ಲಿ ಬೆಳವಣಿಗೆಯಿದೆ. ಸಾಹಿತ್ಯಕ್ಕೆ ಸಲ್ಲುವ ಈ ಮಾತು ಒಬ್ಬ ಹುಡುಗಿಗೆ ಸಲ್ಲದೆ?

‘ಟರ್ನಿಂಗ್ ರೆಡ್’ ತೆರೆಕಂಡ ವಾರದಲ್ಲಿಯೇ ಒಂದು ಚರ್ಚೆ ನಡೆಯಿತು. ಈ ಕಥೆ ಒಂದು ಊರಿನ, ಒಂದು ಜನಾಂಗದ, ಒಂದು ವಯಸ್ಸಿನ ಹೆಣ್ಣುಮಕ್ಕಳಿಗೆ ಮಾತ್ರ ಸೀಮಿತವೆಂದು ವಿಮರ್ಶಕರೊಬ್ಬರು ಬರೆದರು. ಪ್ರತಿಭಟನೆ ಬಂದ ಮೇಲೆ ಪ್ರಕಟಿಸಿದವರು ಆ ಬರಹವನ್ನು ಹಿಂತೆಗೆದುಕೊಂಡರು. ಬರಹವನ್ನು ಹಿಂತೆಗೆಯಬೇಕಾಗಿತ್ತೆ ಎಂಬುದು ಬೇರೆ ಮಾತು. ಆದರೆ ಆ ಅಭಿಪ್ರಾಯ ನಿಲ್ಲುವಂಥದಲ್ಲ. ಕಲೆ ಎಲ್ಲರನ್ನೂ ಮುಟ್ಟುವುದು ತನ್ನ ಓಣಿಯನ್ನು ಬಿಟ್ಟು ಮೇಲೇರುವುದರಿಂದಲ್ಲ, ಆ ಓಣಿಯನ್ನು ಕೊನೆಯವರೆಗೂ ನಡೆಯುವುದರಿಂದ. ಕುಂಬಳಕಾಯಿ ಹಳ್ಳದ ದಾರಿಯಾಗಲಿ ಟೊರಾಂಟೊದ ಚೀನೀ ಪೇಟೆಯಾಗಲಿ, ಮನೆಯವರೊಡನೆ ಹೇಳಲಾರದ ಮಾತನ್ನು ಯಾವುದೋ ಹಾಡಿನ ಮರೆಯಲ್ಲಿ ಹೇಳಿಕೊಂಡವರಿಗೆ ಈ ಕಥೆ ಹೊರಗಿನದಾಗಿ ಕಾಣಲಾರದು.

ಹಾಗಾದರೆ ಅಧ್ಯಾಪಕರೂ ಪೋಷಕರೂ ಮಾಡಬೇಕಾದುದೇನು? ಮಕ್ಕಳು ಕೇಳುವ ಹಾಡನ್ನೆಲ್ಲ ಮೆಚ್ಚಬೇಕೆಂದಿಲ್ಲ. ಅವುಗಳಲ್ಲಿ ಇಲ್ಲದ ಕಾವ್ಯಗುಣವನ್ನು ಆರೋಪಿಸಿ ಹೊಗಳುವುದು ಇನ್ನೂ ತಪ್ಪು. ಮಕ್ಕಳು ಅಂಥ ಸುಳ್ಳನ್ನು ಬೇಗ ಗುರುತಿಸುತ್ತಾರೆ. ಒಳ್ಳೆಯ ಕವಿತೆಯನ್ನು ಅವರ ಮುಂದಿಡುವ ಹೊಣೆ ನಮ್ಮದು, ಅದನ್ನು ಬಿಡಲಾಗದು. ಆದರೆ ಒಳ್ಳೆಯ ಕವಿತೆಗೆ ದಾರಿ ತೆರೆಯಬೇಕಾದರೆ ಅವರು ಈಗ ಎಲ್ಲಿ ನಿಂತಿದ್ದಾರೆಂಬುದು ತಿಳಿಯಬೇಕು. ಒಂದು ಹಾಡನ್ನು ಹುಡುಗಿಯೊಬ್ಬಳು ನೂರು ಸಲ ಕೇಳುತ್ತಿದ್ದಾಳೆಂದರೆ ಆ ಹಾಡಿನ ಬೆಲೆಯನ್ನು ವಿಚಾರಿಸುವ ಮೊದಲು, ಅವಳು ಅದರಿಂದ ಯಾವ ಮಾತನ್ನು ಕಡ ಪಡೆಯುತ್ತಿದ್ದಾಳೆ ಎಂದು ವಿಚಾರಿಸಬೇಕು. ಯಾರೊಡನೆ ಹಾಡುತ್ತಾಳೆ ಎಂಬುದನ್ನೂ ನೋಡಬೇಕು. ಗೆಳತಿಯರೊಡನೆ ದನಿಗೂಡಿಸಿ ಹಾಡುವವಳ ಬಗ್ಗೆ ಚಿಂತೆ ಬೇಡ. ಕಿವಿಗೆ ಗುಂಡಿ ಇಟ್ಟುಕೊಂಡು, ಒಂಟಿಯಾಗಿ, ಬಾಯಿ ಬಿಡದೆ ಕೇಳುತ್ತಿರುವ ಮಗುವಿನ ಬಳಿಗೆ ಯಾರಾದರೂ ಹೋಗಿ ಕುಳಿತುಕೊಳ್ಳಬೇಕಾಗಿದೆ.

ಹೊಸ್ತಿಲಲ್ಲಿ ನಿಂತವರಿಗಾಗಿ ಹಾಡುವ ಹಿರಿಯರ ಕೆಲಸವನ್ನು ನಾವು ಬಿಟ್ಟುಕೊಟ್ಟಿದ್ದೇವೆ. ಪೇಟೆ ಅದನ್ನು ಎತ್ತಿಕೊಂಡಿದೆ. ಎತ್ತಿಕೊಂಡವರನ್ನು ಬೈಯುವುದರಿಂದ ಆ ಕೆಲಸ ನಮ್ಮ ಕೈಗೆ ಮರಳುವುದಿಲ್ಲ. ಮುರಿದ ರಂಗದ ಮೇಲೆ ಅಜ್ಜಿಯೂ ಗೆಳತಿಯರೂ ಒಂದೇ ವೃತ್ತದ ಸುತ್ತ ನಿಂತು ತಮತಮಗೆ ತಿಳಿದ ಹಾಡನ್ನು ಹಾಡಿದರು. ಒಬ್ಬರ ಹಾಡು ಇನ್ನೊಬ್ಬರಿಗೆ ಅರ್ಥವಾಯಿತೋ ಇಲ್ಲವೋ ಚಿತ್ರ ಹೇಳುವುದಿಲ್ಲ. ಆದರೆ ಅವರು ಒಟ್ಟಿಗೆ ಹಾಡಿದರು.